ಜೋಂಗಾಗೆ ಏನು ಕುಡಿಸೋದು

ಖಡಕಿಯ ಹರಾಜಿನಲ್ಲಿ ಕೊಂಡದ್ದು.
ಹಸಿರು ಬಣ್ಣ ಕೆರೆದರೆ ಇನ್ನೊಂದು ಹಸಿರು,
ಅದನ್ನೂ ಕೆರೆದರೆ ಮರಳಿನ ಬಣ್ಣ,
ಎಲ್ಲಿಯ ಮರಳೋ, ಕಾಗದದಲ್ಲಿ ಬರೆದಿಲ್ಲ.
ಎಂಬತ್ತೆರಡನೇ ಇಸವಿಯ ಜೋಂಗಾ, ಆರು ಸಿಲಿಂಡರು,
ಲೀಟರಿಗೆ ನಾಲ್ಕು ಕಿಲೋಮೀಟರು,
ಅದೂ ಇಳಿಜಾರಿನಲ್ಲಿ.

ನನ್ನ ಕೆಲಸ ವಿದ್ಯುತ್ ಗೋಪುರಗಳ ಕಾಲು ನೋಡುವುದು.
ಕಾಂಕ್ರೀಟು ಬಿರಿದಿದೆಯೇ, ಮಣ್ಣು ಜಾರಿದೆಯೇ,
ಬೋಲ್ಟುಗಳನ್ನು ಯಾರಾದರೂ ಗುಜರಿಗೆ ಒಯ್ದರೇ.
ವೆಲ್ಹೆ ದಾಟಿದ ಮೇಲೆ ರಸ್ತೆ ಅನ್ನುವುದು
ಎತ್ತುಗಳಿಗಷ್ಟೇ ನೆನಪಿರುವ ಸಂಗತಿ.
ಅರವತ್ತೊಂದನೇ ಗೋಪುರದ ಕೆಳಗೆ
ಮೂತಿ ಆಕಾಶಕ್ಕೆ ಇಟ್ಟು ಏರುತ್ತಿದ್ದಾಗ
ಇಂಜಿನ್ನು ಎರಡು ಸಲ ಕೆಮ್ಮಿತು, ಸುಮ್ಮನಾಯಿತು.
ಗಂಟಲ ತುಂಬ ಪೆಟ್ರೋಲಿನ ವಾಸನೆ.
ಹೆಲ್ಪರ್ ದಗಡೂ ಹಾರಿ ಚಕ್ರಕ್ಕೆ ಕಲ್ಲು ಕೊಟ್ಟ.
ಮರಾಠಿಯಲ್ಲಿ ಅವನ ಹೆಸರೂ ಕಲ್ಲೇ.

ಬೋಪೋಡಿಯ ರೈಲ್ವೆ ಗೇಟಿನ ಪಕ್ಕ ಮೆಹಬೂಬಸಾಬರ ಗ್ಯಾರೇಜು.
ಊರು ಜತ್ತ. ಬೈಯುವುದು ಮರಾಠಿ, ಎಣಿಸುವುದು ಕನ್ನಡ.
ಕಾರ್ಬುರೇಟರು ಬಿಚ್ಚಿ ಅಂಗೈಮೇಲೆ ಇಟ್ಟರು:
ಒಳಗೊಂದು ಬಟ್ಟಲು, ಬಟ್ಟಲಲ್ಲಿ ಹಿತ್ತಾಳೆಯ ದೋಣಿ.
ಎಣ್ಣೆ ಏರಿದರೆ ದೋಣಿ ಏರಿ ಬಾಗಿಲು ಮುಚ್ಚಬೇಕು,
ಇಳಿದರೆ ತೆರೆಯಬೇಕು. ಅಷ್ಟೇ ಸಂಸಾರ.
“ಇದಕ್ಕ ಜಗತ್ತು ಸಪಾಟ ಅದ ಅಂತ ನಂಬಿಕಿ, ಬಾಯಾರ.
ನೀವು ಗುಡ್ಡಾ ತೋರಸ್ತೀರಿ. ತಲಿ ತಿರಗತದ, ಮುಳಗತದ.”

ಹೊಸ ಕಾರ್ಬುರೇಟರು ಹಾಕಬಹುದು. ನಂಬಿಕೆ ಅದೇ.
ಇಂಜೆಕ್ಷನ್ ಮಾಡಿಸಬಹುದು: ಪಂಪು, ಸೆನ್ಸರು, ಒಂದು ಪುಟ್ಟ ಮೆದುಳು;
ಮೆದುಳಿಗೆ ನೀರು ಹೋದರೆ ವೆಲ್ಹೆಯಲ್ಲಿ ಡಾಕ್ಟರಿಲ್ಲ.
ಡೀಸೆಲ್ ಇಂಜಿನ್ನು ಕೂಡಿಸಿದವರಿದ್ದಾರೆ.
“ಆಮ್ಯಾಲ ಅದು ಜೋಂಗಾ ಅಲ್ಲ,
ಜೋಂಗಾನ ಅಂಗಿ ಹಾಕ್ಕೊಂಡ ಟೆಂಪೋ.”
ಹೇಳುತ್ತಲೇ ಹಳೆಯ ರಬ್ಬರು ಪೈಪು ಹಿಚುಕಿದರು.
ನೆನೆಸಿದ ಅವಲಕ್ಕಿಯ ಹಾಗೆ ಬೆರಳಿಗೆ ಬಂತು.
ಈಗಿನ ಪೆಟ್ರೋಲಿನಲ್ಲಿ ಐದರಲ್ಲೊಂದು ಪಾಲು ಸ್ಪಿರಿಟ್ಟು.
“ಮುದುಕಗ ಕಬ್ಬಿನ ಸೆರೆ ಕುಡಿಸೀರಿ,
ಕರಳು ಕರಗದ ಏನ ಮಾಡತದ?”

ಉಳಿದದ್ದು ಗ್ಯಾಸು.
ಸ್ಟೆಪ್ನಿಯ ಜಾಗಕ್ಕೆ ಕೋಡುಬಳೆಯಂಥ ಟ್ಯಾಂಕು,
ಅಲ್ಲಿಂದ ತಾಮ್ರದ ನಳಿಗೆ,
ರೇಡಿಯೇಟರಿನ ಬಿಸಿನೀರು ಸುತ್ತಿ ಸುತ್ತಿ
ದ್ರವವನ್ನು ಉಸಿರು ಮಾಡುವ ಒಂದು ಡಬ್ಬಿ.
ದೋಣಿಯಿಲ್ಲ, ಬಟ್ಟಲಿಲ್ಲ.
“ಉಸರಿಗೆ ಮ್ಯಾಲ ಯಾವುದು, ಕೆಳಗ ಯಾವುದು?”
ನಮ್ಮಣ್ಣ ಬಸಲಿಂಗ ಫೋನಿನಲ್ಲಿ ನಕ್ಕ,
ಮನೆಯ ಕೆಂಪು ಸಿಲಿಂಡರನ್ನೇ ಹಿಂದೆ ಕಟ್ಟು ಅಂದ.
ಮೆಹಬೂಬಸಾಬರಿಗೆ ಹೇಳಬಾರದಿತ್ತು.
ಪಾನಾ ಕೆಳಗಿಟ್ಟರು.
“ಅದು ಅಡಗಿಮನಿ ದೇವರು. ರಸ್ತೇಕ ತರಬ್ಯಾಡ್ರಿ.”
ಆಮೇಲೆ ಬೇಸರದ ಮಾತುಗಳನ್ನೂ ಹೇಳಿದರು:
ವಾಲ್ವಿನ ಸೀಟು ಬೇಗ ಸವೆಯುತ್ತದೆ,
ಆರ್‌ಟಿಓದಲ್ಲಿ ಪುಸ್ತಕಕ್ಕೆ ಸಿಕ್ಕಾ ಬೀಳಬೇಕು,
ಘಾಟಿನಲ್ಲಿ ಗ್ಯಾಸಿನ ಪಂಪು ಹುಡುಕಬೇಡಿ,
ಅದಕ್ಕೇ ಪೆಟ್ರೋಲನ್ನು ಪೂರ್ತಿ ಬಿಡಬೇಡಿ.

ಹೀಗಾಗಿ ಡ್ಯಾಶ್‌ಬೋರ್ಡಿನಲ್ಲಿ ಈಗೊಂದು ಸ್ವಿಚ್ಚು.
ಮೇಲೆ ಗ್ಯಾಸು, ಕೆಳಗೆ ಪೆಟ್ರೋಲು,
ನಡುವೆ ಏನೂ ಇಲ್ಲ.
ಪೆಟ್ರೋಲಿನಿಂದ ಗ್ಯಾಸಿಗೆ ಹೋಗುವಾಗ
ನಡುವೆ ನಿಲ್ಲಿಸಬೇಕಂತೆ, ಬಟ್ಟಲು ಬರಿದಾಗುವವರೆಗೆ.
“ಎಷ್ಟು ಹೊತ್ತು?”
“ಗಾಡಿನ ಹೇಳತದ.”
ವೆಲ್ಹೆಯ ಕೊನೆಯ ಚಹಾದಂಗಡಿ ದಾಟಿ ನಡುವೆ ಇಟ್ಟೆ.
ಯಾವುದೂ ಬರುತ್ತಿಲ್ಲ, ಆದರೂ ಓಡುತ್ತಿದೆ,
ಹಿತ್ತಾಳೆಯ ದೋಣಿ ಮೆಲ್ಲಗೆ ತಳ ಮುಟ್ಟುತ್ತಿರಬೇಕು.
ದಗಡೂ ಮಾತು ನಿಲ್ಲಿಸಿದ.
ಒಂದು ಹೊಲ, ಒಂದು ಸೇತುವೆ, ಮಲಗಿದ ಎಮ್ಮೆ,
ಅಷ್ಟು ದೂರ
ಉಳಿದದ್ದರ ಮೇಲೆ ಹೋದೆವು.
ಮೊದಲ ಕೆಮ್ಮಿಗೆ ಬೆರಳು ಮೇಲೆತ್ತಿದೆ.

ಅರವತ್ತೊಂದರ ಕೆಳಗೆ ಮೂತಿ ಆಕಾಶಕ್ಕೆ.
ದಗಡೂನ ತೊಡೆಯ ಮೇಲೆ
ಊರಿಂದ ತಂದ ಒಂದು ಕಲ್ಲು, ಬೇಕಾಗಲಿಲ್ಲ.
ಇಳಿದು ನೋಡಿದೆ:
ಮೂರನೇ ಕಾಲಿನ ಎರಡು ಬೋಲ್ಟು ಇಲ್ಲ.
ಬರೆದುಕೊಂಡೆ,
ಇಂಜಿನ್ನು ಆರಿಸದೆ.