ತಕ್ಕಡಿಯ ಮೇಲೆ ಮೇ ತಿಂಗಳು

ಪರೀಕ್ಷೆ ಮುಗಿದ ಮರುದಿನವೇ
ಡೊಂಬಿವಲಿಯ ಮನೆಗಳು ಇನ್ನಷ್ಟು ಸಣ್ಣದಾಗುತ್ತವೆ.
ಗೈಡು, ನೋಟ್ಸು, ಅರ್ಧ ಬರೆದ ಭೂಗೋಳ,
ಕೆಂಪು ಶಾಯಿಯಲ್ಲಿ ಬೈಸಿಕೊಂಡ ಗಣಿತ
ಸೊಂಟಕ್ಕೆ ಹುರಿ ಬಿಗಿಸಿಕೊಂಡು
ನನ್ನ ರದ್ದಿ ಅಂಗಡಿಗೆ ಇಳಿದು ಬರುತ್ತವೆ.
ಕಿಲೋಗೆ ಹದಿನಾಲ್ಕು. ಇಂಗ್ಲಿಷ್ ಪೇಪರಿಗೆ ಎರಡು ರೂಪಾಯಿ ಜಾಸ್ತಿ.
ನಾನು ಮಾಡಿದ ನಿಯಮವಲ್ಲ ಅದು,
ಮಿಲ್ಲಿನವರ ಲೆಕ್ಕ.

ಇಪ್ಪತ್ತೆರಡು ವರ್ಷ ತೂಗಿದ್ದೇನೆ.
ವಿದ್ಯೆ ಹಗುರ ಅಂತ ಹೇಳಲಾರೆ,
ಬೇಕಾದರೆ ನನ್ನ ಬೆನ್ನನ್ನು ಕೇಳಿ.

ಒಂದು ಸಣ್ಣ ಕಳ್ಳತನವಿದೆ ನನ್ನದು.
ಮೂಟೆಯೊಳಗೆ ಕತೆ ಸಿಕ್ಕರೆ
ಲಾರಿ ಬರುವ ಮುಂಚೆ ತೆಗೆದು
ಆಪೂಸಿನ ಖಾಲಿ ಪೆಟ್ಟಿಗೆಗೆ ಹಾಕಿಡುತ್ತೇನೆ.
ಹುಲ್ಲು ಇನ್ನೂ ಹಾಗೇ ಇದೆ. ಕತೆಗಳೂ
ಹಣ್ಣಾಗಲಿ ಬಿಡಿ.

ಮಧ್ಯಾಹ್ನ ಎರಡಕ್ಕೆ, ರಸ್ತೆ ಕಾದು
ಚಪ್ಪಲಿ ಅಂಟುವ ಹೊತ್ತಿಗೆ, ಮಕ್ಕಳು ಬರುತ್ತಾರೆ.
ತೂಕದ ಕಲ್ಲುಗಳ ಪಕ್ಕ ಕುಕ್ಕರಗಾಲಲ್ಲಿ.
ಕೊನೆಯ ಪುಟ ಮೊದಲು ಓದಬಹುದು.
ಬೇಜಾರಾದರೆ ನಡುವೆ ಬಿಟ್ಟು ಓಡಬಹುದು,
ಕೇತಕಿ ಒಂದೇ ವಾರದಲ್ಲಿ ಏಳು ಬಿಟ್ಟಳು,
ಎಂಟನೆಯದನ್ನು ಊಟಕ್ಕೆ ಕರೆದರೂ ಬಿಡಲಿಲ್ಲ.
ಓದಿ ಬಂದು ನೀತಿ ಮಾತ್ರ ಹೇಳಬಾರದು.
ಹೇಳಿದರೆ ಎರಡು ದಿನ ಪೆಟ್ಟಿಗೆ ಬಂದ್.

ಒಬ್ಬ ಅಪ್ಪ ಬಂದರು, ಇಸ್ತ್ರಿ ಶರ್ಟು.
"ದಿನಕ್ಕೆ ಹತ್ತು ಪುಟ, ಕೆಳಗೆ ಸಾರಾಂಶ
ಬರೆಸ್ತೀರಾ?" ಅಂದರು.
ಮಾವಿನಹಣ್ಣು ತಿಂದ ಮೇಲೆ ಮಗನ ಕೈಲಿ
ರಸೀದಿ ಬರೆಸ್ತೀರಾ ಸಾರ್, ಅಂತ ಕೇಳಬೇಕಿತ್ತು.
ಕೇಳಲಿಲ್ಲ.
ಗಿರಾಕಿ.

ಋತುಜಾ ಶೇರೆಗಾರ್, ನಾಲ್ಕನೇ ಮಾಳಿಗೆ,
ಪೆಟ್ಟಿಗೆಯ ತಳದಿಂದ ರಟ್ಟಿಲ್ಲದ ಒಂದನ್ನು ಎಳೆದಳು.
"ಇದು ಯಾವ ಭಾಷೆ ಅಂಕಲ್?"
"ಮನೆಯಲ್ಲಿ ನಿನ್ನನ್ನು ಬೈತಾರಲ್ಲ, ಅದೇ."
ಪುಸ್ತಕವನ್ನು ಕಿವಿಯ ಹತ್ತಿರ ಹಿಡಿದು ನೋಡಿದಳು.

ಸೀಮೆಸುಣ್ಣದಲ್ಲಿ ನೆಲದ ಮೇಲೆ ದಿನಕ್ಕೆರಡು ಅಕ್ಷರ.
ಕಲಿಸುತ್ತಿದ್ದೇನೆ ಅಂತ ನಾನು ಹೇಳಲಿಲ್ಲ,
ಕಲಿಯುತ್ತಿದ್ದೇನೆ ಅಂತ ಅವಳಿಗೆ ಗೊತ್ತಾಗಲಿಲ್ಲ.
ಅವಳದೇ ಹೆಸರಿನ ಋ ಬಂದ ದಿನ
ಬಾಗಿ ತುಂಬ ಹೊತ್ತು ನೋಡಿ,
"ಅಂಕಲ್, ಇದು ಅಕ್ಷರ ಅಲ್ಲ, ಲೋಕಲ್.
ಡಬ್ಬಿ ಎಷ್ಟಿದೆ ನೋಡಿ!"

ಆಮೇಲೆ ಮೊ. ಸ. ಳೆ.
ಮೂರನ್ನೂ ಜೋಡಿಸಿ ಒಮ್ಮೆ ಕಿರುಚಿದಳು.
ಉಂಡು ಬಿದ್ದುಕೊಂಡರೆ ಅಜ್ಜಿ ಅವಳಿಗೆ ಅನ್ನುವುದು ಅದನ್ನೇ!
ಇಲ್ಲಿ ನೋಡಿದರೆ ಅದು ನದಿಯಲ್ಲಿದೆ,
ದೋಣಿಯಲ್ಲಿ ಅಂಚೆಯವ, ಚೀಲದಲ್ಲಿ ಒಂದೇ ಕಾಗದ,
ಮೊಸಳೆ ಬಾಯಿ ತೆರೆದು
"ಯಾರಿಗೆ?" ಅಂತ ಕೇಳುತ್ತದೆ.

ನಲವತ್ತನೇ ಪುಟ ಅಲ್ಲಿಗೆ ಮುಗಿಯಿತು.
ನಲವತ್ತೊಂದು ಇಲ್ಲ.

ನಾಲಿಗೆ ಕಚ್ಚಿಕೊಂಡೆ. ಹರಿದ ಹಾಳೆಗಳೆಲ್ಲ
ಸೋಮವಾರ ಭೇಲ್‌ನ ಮಹಾದುವಿಗೆ
ಪೊಟ್ಟಣಕ್ಕೆಂದು ಕೊಟ್ಟಿದ್ದೆ.

ಆ ವಾರ ಸ್ಟೇಷನ್ ರಸ್ತೆಯಲ್ಲಿ
ಹಸಿವಿಲ್ಲದ ಐದು ಮಕ್ಕಳು ಭೇಲ್ ತಿಂದರು.
ತಿಂದು, ಪೊಟ್ಟಣ ಬಿಚ್ಚಿ, ಬೆರಳಲ್ಲಿ ಒರೆಸಿ,
ಷೇರು ಮಾರುಕಟ್ಟೆ ಓದಿದರು, ವಧು ಬೇಕಾಗಿದ್ದಾಳೆ ಓದಿದರು,
ಯಾರದೋ ಮದುವೆಯ ಊಟದ ಪಟ್ಟಿ ಓದಿ
ಮತ್ತೆ ಹಸಿದರು.
ಮಹಾದು ನನಗೆ ಕೈ ಮುಗಿದ,
ಇಂಥ ವ್ಯಾಪಾರ ಗಣಪತಿ ಹಬ್ಬಕ್ಕೂ ಕಂಡಿಲ್ಲವಂತೆ.

ಶನಿವಾರ ನಲವತ್ತೊಂದರ ಅರ್ಧ ಸಿಕ್ಕಿತು.
ಚಟ್ನಿಯ ಹಸಿರು ಕಲೆಯ ಆಚೆ
ಅಂಚೆಯವ ಬಗ್ಗಿ ವಿಳಾಸ ನೋಡುತ್ತಾನೆ, ನಗುತ್ತಾನೆ,
ಅಷ್ಟೇ.

ನಾಳೆ ಶಾಲೆ ಶುರು. ಮೋಡ ಕಟ್ಟಿದೆ,
ಪೆಟ್ಟಿಗೆಗೆ ತಾಡಪತ್ರಿ ಹೊದಿಸಿದ್ದೇನೆ.
ಸಂಜೆ ಮಹಾದುವಿನ ಹತ್ತಿರ ಒಂದು ಭೇಲ್ ಕೊಂಡೆ,
ತೀಖಾ ಕಮ್ಮಿ.
ಇಪ್ಪತ್ತೆರಡು ವರ್ಷ ಕಾಗದ ತೂಗಿದವ
ದೀಪದ ಕಂಬದ ಕೆಳಗೆ ನಿಂತು
ಖಾಲಿ ಪೊಟ್ಟಣ ಬಿಚ್ಚುತ್ತಿದ್ದೇನೆ.