ಬಾಚಣಿಗೆ

ರಂಗೂನು, ಮೂವತ್ತೆಂಟನೇ ಬೀದಿ, ಮೂರನೇ ಮಹಡಿ.
ಕೆಳಗೆ ನಿಂತು ಹಗ್ಗ ಜಗ್ಗಿದರೆ ಮೇಲೆ ಗಂಟೆ ಅಲುಗುತ್ತದೆ.
ವಾರಕ್ಕೊಮ್ಮೆ ಬರುತ್ತೇನೆ ತಲೆ ಬಾಚಲು,
ಅಮ್ಮ ಬರುತ್ತಿದ್ದ ಹಾಗೆ.
ಅಮ್ಮ ಬಾಚಿದ್ದು ಮೊಣಕಾಲು ಮುಟ್ಟುವ ಕೂದಲು.
ನನ್ನ ಪಾಲಿಗೆ ಒಂದು ಹಿಡಿ ಹತ್ತಿ.

ಡಾ ಸೇನ್ ಮ್ಯಾ. ಹೆಸರಿನಲ್ಲೇ ವಜ್ರ, ಪಚ್ಚೆ, ಎರಡೂ.
ಕಿವಿಯಲ್ಲಿ ಗಾಜು.
ಆಗಲೂ ಗಾಜೇ ಅಂತೆ; ಕಂಪನಿಯ ಓಲೆಯನ್ನು
ಸಂಜೆಯೊಳಗೆ ಎಣಿಸಿ ವಾಪಸು ಕೊಡಬೇಕಿತ್ತು.

ಹದಿನಾರಕ್ಕೆ ಪರದೆಯ ಪಕ್ಕ ಕೂತಳು,
ಚಿತ್ರಕ್ಕೆ ಇನ್ನೂ ಬಾಯಿ ಬಂದಿರದ ಕಾಲ.
ಬೆಳಕಿನ ಹೆಣ್ಣು ತುಟಿಯಾಡಿಸಿದಾಗ
ಕತ್ತಲಲ್ಲಿ ಇವಳ ಹಾಡು.
ಆಮೇಲೆ ಚಿತ್ರಕ್ಕೆ ಮಾತು ಬಂತು.
ಬೆಳಕಿನವಳದು ಬರೀ ಮೂಗಿನ ದನಿ.
ಇವಳು ಎದ್ದು, ಮೂರು ಹೆಜ್ಜೆ ನಡೆದು
ಅವಳ ಜಾಗದಲ್ಲಿ ನಿಂತಳು.
'ಮೂರೇ ಹೆಜ್ಜೆ' ಎಂದು ಬೆರಳೆತ್ತಿ ತೋರಿಸುತ್ತಾರೆ.
ಆ ಮೂರರಲ್ಲಿ ಯಾರನ್ನು ತುಳಿದರೋ
ಹೇಳುವುದಿಲ್ಲ. ನಾನೂ ಕೇಳಿಲ್ಲ.

ಹನ್ನೊಂದು ಚಿತ್ರ.
ಪ್ಯಾಪೊನಿನಿಂದ ದೋಣಿಗಳಲ್ಲಿ ಬುತ್ತಿ ಕಟ್ಟಿಕೊಂಡು ಬಂದರಂತೆ ಜನ,
ಒಂದೇ ಹಾಡಿಗೆ, ಎರಡು ಸಲ.
ಅಕ್ಕಿ ಗಿರಣಿಯ ಸಾಹುಕಾರ ಕಾರು ಕಳಿಸಿದ;
ಕಾರನ್ನು ಇಟ್ಟುಕೊಂಡು
ಡ್ರೈವರನ ಕೈಯಲ್ಲಿ ಇಲ್ಲವೆಂದು ಹೇಳಿ ಕಳಿಸಿದಳು.

ಮತ್ತೆ ಆ ಡಿಸೆಂಬರು. ವಿಮಾನ.
ಕಾರು ಹೋಯಿತು, ಸ್ಟುಡಿಯೋ ಹೋಯಿತು.
ಉತ್ತರಕ್ಕೆ ನಡೆದ ದಾರಿಯಲ್ಲಿ
ಯಾರೂ ಗುರುತಿಸಲಿಲ್ಲ ಎನ್ನುವಾಗ
ದನಿಯಲ್ಲಿ ಈಗಲೂ ಸಣ್ಣ ಸಿಟ್ಟು.

ಬೆಂಕಿಗೆ ಸಿಗದ ಡಬ್ಬಿಗಳನ್ನು
ಯುದ್ಧ ಮುಗಿದ ಮೇಲೆ ಸೇರು ಲೆಕ್ಕದಲ್ಲಿ ಮಾರಿದರು.
ತೊಳೆದು, ಬೆಳ್ಳಿ ತೆಗೆದು,
ಒತ್ತಿ, ಹಲ್ಲು ಕೊರೆದು, ಬಾಚಣಿಗೆ ಮಾಡಿದರು.
ಸ್ಕಾಟ್ ಮಾರ್ಕೆಟ್ಟಿನಲ್ಲಿ ಅಮ್ಮ ಒಂದನ್ನು ಕೊಂಡಳು,
ಎರಡಾಣೆ, ಏನೂ ತಿಳಿಯದೆ.
ಇವರು ಮೂಸಿದರಂತೆ. ಕರ್ಪೂರದ ವಾಸನೆ.
ನಕ್ಕರಂತೆ:
'ಇದು ನಾಲ್ಕನೇ ರೀಲು. ನಾನು ಅಳುವುದು.'

ಅದೇ ಬಾಚಣಿಗೆ ನನ್ನ ಕೈಯಲ್ಲಿ, ಐದು ಹಲ್ಲು ಕಡಿಮೆ.
ಕೆಲವು ಸಲ ಕಿಟಕಿಯ ಬಿಸಿಲಿಗೆ ಎತ್ತಿ ಹಿಡಿಯುತ್ತೇನೆ:
ಜೇನಿನ ಬಣ್ಣ, ಒಂದು ಗೀರು, ಅಷ್ಟೆ.
ಯಾವ ಮುಖವೂ ಇಲ್ಲ.

'ಏನು ಹುಡುಕುತ್ತೀಯೇ?' ಬೆನ್ನು ತಿರುಗಿಸದೆ ಕೇಳುತ್ತಾರೆ.
ಮೂಗಿನಲ್ಲೇ ಯಾವುದೋ ಎಳೆ ಗುನುಗುತ್ತಾರೆ,
ಮೇಲಿನ ಸ್ವರಕ್ಕೆ ಹೋಗದೆ, ಅದರ ಕೆಳಗೇ ಸುತ್ತಾಡಿ.
ಗಂಟೆ ಅಲುಗುತ್ತದೆ. ಕೆಳಗೆ ಮೀನಿನ ಸಾರಿನ ಹುಡುಗ.
'ಬಾಚು ಬೇಗ,' ಎನ್ನುತ್ತಾರೆ,
'ಬುಟ್ಟಿ ಇಳಿಸಬೇಕು. ಮೊಹಿಂಗಾ ಆರಿದರೆ ರುಚಿಯಿಲ್ಲ.'