ಖಾಲಿ ತೂಕ

ಕೆರಗೋಡು ರಸ್ತೆಯ ತೂಕದ ಹಲಗೆ ಮೇಲೆ
ಬೆಳಿಗ್ಗೆ ಆರೂವರೆಗೇ ಬಂದು ನಿಂತಿತು
ಆರು ಚಕ್ರದ ಮುದಿ ಮಿಲಿಟ್ರಿ ಟ್ರಕ್ಕು.
ಮೀಟರು ನೋಡದೆ ಬರೆದುಕೊಂಡೆ:
ಎಂಟು ಸಾವಿರದ ನಾನೂರ ಹತ್ತು.
ಹದಿನೇಳು ವರ್ಷದಿಂದ ಅದರ ಖಾಲಿ ತೂಕ ನನಗೆ ಬಾಯಿಪಾಠ,
ನನ್ನದು ಕೇಳಿದರೆ ಗೊತ್ತಿಲ್ಲ.

"ಇವತ್ತು ಗುಜ್ರಿಗೆ ಕನಮ್ಮ," ಅಂದ ಹೊಂಬಾಳಯ್ಯ.
ಎಂಜಿನ್ನು ಆರಿಸಲಿಲ್ಲ.
ಆರಿಸಿದರೆ ಮತ್ತೆ ಹತ್ತಲು ಇಳಿಜಾರು ಬೇಕು.

ಗುಜರಿ ಚೀಟಿಯಲ್ಲೊಂದು ಖಾನೆ: ತಯಾರಕರು.
ಯಾವ ಕಂಪನಿದು, ಕೇಳಿದೆ.
ಜೊತೆಗೆ ಬಂದಿದ್ದ ಮೆಕ್ಯಾನಿಕ್ ಮುನೀರಣ್ಣ
ಬಾನೆಟ್ಟು ಎತ್ತಿ, ಮಸಿಬಟ್ಟೆಯಿಂದ ಉಜ್ಜಿ ತೋರಿಸಿದ.
ಎಂಜಿನ್ನಿನ ಮೇಲೆ ಒಂದೂರಿನ ಹೆಸರು,
ಗೇರುಪೆಟ್ಟಿಗೆಗೆ ಇನ್ನೊಂದು,
ಮುಂದಿನ ಆಕ್ಸಲ್ಲು ಕಡಲಾಚೆಯದು,
ಹಿಂದಿನವೆರಡೂ ಒಂದೇ ಬಸಿರಲ್ಲ.
"ಕಂಪ್ನೀದು ಅಂತ ಇದ್ದಿದ್ದು ಈ ಎರಡು ಉದ್ದನೆ ಪಟ್ಟಿ,
ಮಿಕ್ಕಿದ್ದೆಲ್ಲ ನಟ್ಟು ಬಿಗಿದ ಕೈ.
ಕೈಗೆಲ್ಲಮ್ಮ ಅಚ್ಚು ಒತ್ತುತಾರೆ?"

ಆಮೇಲೆ ಅವನದೂ ಸೇರಿತು.
ಬೋರ್‌ವೆಲ್ ಲಾರಿಯ ರೇಡಿಯೇಟರು,
ಬಸರಾಳಿನ ಟೆಂಟು ಎತ್ತಿದ ಮೇಲೆ
ಅಗ್ಗಕ್ಕೆ ಸಿಕ್ಕಿದ ಬೆಂಚಿನ ಸೀಟು,
ಗಿಡ್ಡ ಲಿವರಿನ ತುದಿಗೆ ಮಗನ ಬುಗುರಿ.

ಆ ಬುಗುರಿಯನ್ನು ಒಂದು ರಾತ್ರಿ ನೋಡಿದ್ದೇನೆ.
ವಿಸಿ ನಾಲೆ ಏರಿಯ ಕೆಳಗೆ
ಕಬ್ಬು ತುಂಬಿದ ಟ್ರ್ಯಾಕ್ಟರು ಅಚ್ಚಿನವರೆಗೆ ಹೂತು,
ಎಳೆಯಲು ಬಂದದ್ದೂ ಪಕ್ಕದಲ್ಲೇ ಹೂತು,
ಊರೆಲ್ಲ ಟಾರ್ಚು ಹಿಡಿದು ಬುದ್ಧಿ ಹೇಳುತ್ತಿತ್ತು.
ಹೊಂಬಾಳಯ್ಯ ಬೀಡಿ ಉಗಿದು
ಬುಗುರಿ ಹಿಡಿದು ಹಿಂದಕ್ಕೆಳೆದ.
ಕಟಕ್.
ಆರಕ್ಕೆ ಆರೂ, ಬೇರೆ ಬೇರೆ ತಾಯಿಯ ಮಕ್ಕಳು,
ಒಂದೇ ಉಸಿರಿಗೆ ಕೆಸರು ಕಚ್ಚಿದವು.
ಬುದ್ಧಿ ಹೇಳುವವರು ಮೈತುಂಬ ಕೆಸರಾಗಿ ಹಿಂದೆ ಸರಿದರು.

ಈಗ ಎಂಜಿನ್ನಿಗೆ ಮದ್ದೂರಿನ ಅಕ್ಕಿ ಗಿರಣಿಯವನು ಮುಂಗಡ ಕೊಟ್ಟಿದ್ದಾನೆ,
ಗೇರುಪೆಟ್ಟಿಗೆ ಕಲ್ಲು ಕ್ರಷರಿಗೆ.
ಪಟ್ಟಿಗಳು ಮಾತ್ರ ಕೆಜಿ ಲೆಕ್ಕ.

ಖಾನೆ ಚಿಕ್ಕದು, ನಾಲ್ಕಕ್ಷರ ಹಿಡಿದರೆ ಹೆಚ್ಚು.
ಮುನೀರ್ ಎಂದು ಬರೆದೆ.
"ಏ ಅಳಿಸಮ್ಮ, ನಾಳೆ ಟ್ಯಾಕ್ಸಿನೋರು ನಂಗೇ ನೋಟೀಸ್ ಕಳಿಸ್ತಾರೆ!"
ಬಾಲ್‌ಪೆನ್ನು. ಅಳಿಯುವುದಿಲ್ಲ.
ಅವನು ಚೀಟಿ ಮಡಿಸಿ ಒಳಜೇಬಿಗೆ ಇಟ್ಟುಕೊಂಡ.

ಟ್ರಕ್ಕು ಇಳಿಯಿತು. ಹಲಗೆ ಮೇಲೆದ್ದಿತು.
ಮೀಟರು ಸೊನ್ನೆಗೆ ಬರಲಿಲ್ಲ,
ಇಪ್ಪತ್ತು ಕೆಜಿ ತೋರಿಸುತ್ತ ನಿಂತಿತು.
ಚಕ್ರದಿಂದ ಉದುರಿದ ಮಣ್ಣಿರಬೇಕು.
ಪೊರಕೆ ಹಿಡಿದು ಹೊರಗೆ ಬಂದೆ.
ಹಿಂದಿನ ಕಬ್ಬಿನ ಟ್ರ್ಯಾಕ್ಟರಿನವನು
ಹಾರನ್ನು ಒತ್ತುತ್ತಲೇ ಇದ್ದ.